ಕಂಡದ್ದನ್ನು ಬರೆ

ಪಿಯುಸಿ ಪ್ರಯೋಗಾಲಯದಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟನ್ನು ಬ್ಯೂರೆಟ್ಟಿನಿಂದ ಹನಿಹನಿಯಾಗಿ ಬಿಡುತ್ತಾ, ಕೆಳಗಿನ ದ್ರಾವಣ ತಿಳಿಗುಲಾಬಿಗೆ ತಿರುಗಿದ ಕೂಡಲೇ ನಿಲ್ಲಿಸಬೇಕು. ಕೆಂಪು–ಹಸಿರು ಬೇರೆಬೇರೆಯಾಗಿ ಕಾಣದ ಹುಡುಗನಿಗೆ ಆ ತಿಳಿಗುಲಾಬಿ ಎಷ್ಟೋ ಸಲ ಬೂದಾಗಿ ಕಾಣುತ್ತದೆ, ಇಲ್ಲವೇ ಕಾಣುವುದೇ ಇಲ್ಲ. ಅವನು ಪಕ್ಕದವನ ಬ್ಯೂರೆಟ್ ಎಲ್ಲಿ ನಿಂತಿದೆ ಎಂದು ಓರೆಗಣ್ಣಿನಲ್ಲಿ ನೋಡಿ, ಒಂದೆರಡು ಗೀಟು ಹೆಚ್ಚುಕಡಿಮೆ ಮಾಡಿ ಬರೆದುಕೊಳ್ಳುತ್ತಾನೆ. ಲವಣ ಪರೀಕ್ಷೆಯಲ್ಲೂ ಅದೇ ಕಥೆ. ಬೇರಿಯಂ ಜ್ವಾಲೆ ಸೇಬುಹಸಿರು, ಕ್ಯಾಲ್ಸಿಯಂ ಜ್ವಾಲೆ ಇಟ್ಟಿಗೆಗೆಂಪು ಎಂದು ಗೈಡಿನಲ್ಲಿದೆ. ರೆಕಾರ್ಡಿನಲ್ಲೂ ಅದೇ ಬರುತ್ತದೆ. ಕಣ್ಣು ಸರಿಯಿರುವವರೂ ಬಹುಪಾಲು ಗೈಡು ನೋಡಿಯೇ ಬರೆಯುವುದರಿಂದ ಇವನು ಸಿಕ್ಕಿಬೀಳುವುದಿಲ್ಲ ಎಂಬುದು ಬೇರೆ ಮಾತು.

ನನ್ನನ್ನು ಕಾಡುವುದು ತಪ್ಪಿಹೋದ ಅಂಕಕ್ಕಿಂತ ಹೆಚ್ಚಾಗಿ ಈ ಅಭ್ಯಾಸ. ಕಾಣದ್ದನ್ನು ಕಂಡೆ ಎಂದು ಬರೆಯುವುದನ್ನು ಅವನು ಪ್ರಯೋಗಾಲಯದಲ್ಲಿ ಕಲಿತದ್ದಲ್ಲ, ಒಂದನೇ ತರಗತಿಯಲ್ಲೇ ಕಲಿತಿರುತ್ತಾನೆ. ಮರದ ಎಲೆಗೆ ಕಂದು ಬಣ್ಣ ಹಚ್ಚಿದ ದಿನ ಇಡೀ ಕ್ಲಾಸು ನಗುತ್ತದೆ. ‘ಗಮನ ಎಲ್ಲಿದೆಯೋ ನಿಂಗೆ?’ ಎನ್ನುತ್ತಾರೆ ಟೀಚರು. ಮಗುವಿಗೆ ತನ್ನ ಕಣ್ಣು ಬೇರೆ ಎಂಬುದೇ ತಿಳಿದಿರುವುದಿಲ್ಲ. ಹುಟ್ಟಿದಂದಿನಿಂದ ಲೋಕ ಅವನಿಗೆ ಹಾಗೆಯೇ ಕಂಡಿದೆ, ಹೋಲಿಸಿ ನೋಡಲು ಇನ್ನೊಬ್ಬರ ಕಣ್ಣು ಅವನ ಬಳಿ ಇಲ್ಲ. ಎಲ್ಲರಿಗೂ ಸುಲಭವಾದ ಪಾಠ ತನಗೊಬ್ಬನಿಗೆ ಹತ್ತುತ್ತಿಲ್ಲ ಎಂದಷ್ಟೇ ಅವನಿಗೆ ಅರ್ಥವಾಗುತ್ತದೆ. ಮರುದಿನದಿಂದ ಅವನು ಕ್ರೇಯಾನಿನ ಮೇಲಿನ ಹೆಸರು ಓದಿ ಬಣ್ಣ ಆರಿಸುತ್ತಾನೆ; ಕಾಗದ ಹರಿದಿದ್ದರೆ ಗೆಳೆಯ ಕೆಳಗಿಟ್ಟ ಕಡ್ಡಿಯನ್ನೇ ಎತ್ತಿಕೊಳ್ಳುತ್ತಾನೆ. ಇದು ದಡ್ಡತನವೇ? ನನಗೇನೋ ಆ ವಯಸ್ಸಿಗೆ ಇದು ತುಸು ಹೆಚ್ಚೇ ಆದ ಜಾಣತನ ಅನ್ನಿಸುತ್ತದೆ. ಅದೆಲ್ಲ ಮುಚ್ಚಿಡುವುದಕ್ಕೇ ಖರ್ಚಾಗುತ್ತದೆ.

ಕಣ್ಣಿನ ರೆಟಿನಾದಲ್ಲಿ ಬಣ್ಣ ಗುರುತಿಸುವ ಶಂಕು ಕೋಶಗಳು ಮೂರು ಬಗೆ. ಇವುಗಳಲ್ಲಿ ಎರಡು ಬಗೆಯವುಗಳ, ಎಂದರೆ ಕೆಂಪಿನ ಮತ್ತು ಹಸಿರಿನ ಕಡೆಯ ಬೆಳಕಿಗೆ ಸ್ಪಂದಿಸುವವುಗಳ, ಜೀನುಗಳು ಎಕ್ಸ್ ವರ್ಣತಂತುವಿನಲ್ಲಿವೆ. ಗಂಡಿಗೆ ಆ ವರ್ಣತಂತು ಒಂದೇ ಆದ್ದರಿಂದ ಅದರಲ್ಲಿ ದೋಷವಿದ್ದರೆ ಸರಿದೂಗಿಸಲು ಇನ್ನೊಂದಿಲ್ಲ. ಉತ್ತರ ಯೂರೋಪು ಮೂಲದ ಗಂಡಸರಲ್ಲಿ ಸುಮಾರು ಹನ್ನೆರಡಕ್ಕೆ ಒಬ್ಬರು ಹೀಗಿರುತ್ತಾರೆ. ನಮ್ಮಲ್ಲಿ ಪ್ರಮಾಣ ಅದಕ್ಕಿಂತ ಕಡಿಮೆಯಾದರೂ ದೊಡ್ಡ ಶಾಲೆಯೊಂದರಲ್ಲಿ ಇಂಥ ಹುಡುಗರು ಇದ್ದೇ ಇರುತ್ತಾರೆ. ಲೋಕವೆಲ್ಲ ಕಪ್ಪುಬಿಳುಪಾಗಿ ಕಾಣುವುದು ಬಹಳ ಅಪರೂಪ. ಹೆಚ್ಚಿನವರಿಗೆ ಕೆಂಪು, ಹಸಿರು, ಕಂದು ಒಂದರೊಳಗೊಂದು ಬೆರೆತುಹೋಗುತ್ತವೆ, ಅಷ್ಟೆ. ಮಗನಿಗೆ ಆ ಜೀನು ಬರುವುದು ತಾಯಿಯಿಂದ, ಅವಳಿಗೋ ಬಣ್ಣಗಳೆಲ್ಲ ಸರಿಯಾಗಿಯೇ ಕಾಣುತ್ತಿರುತ್ತವೆ. ಇದನ್ನು ಪೋಷಕರ ಸಭೆಯಲ್ಲಿ ಹೇಳುವ ಮೇಷ್ಟ್ರು ಸ್ವಲ್ಪ ನೋಡಿಕೊಂಡು ಹೇಳಬೇಕು. ಸೊಸೆಯ ಮೇಲೆ ಹೊರಿಸಲು ಒಂದು ಹೊಸ ಅಪವಾದ ಸಿಕ್ಕರೆ ಬಿಡುವ ಮನೆಗಳು ನಮ್ಮಲ್ಲಿ ಕಡಿಮೆ.

ಹನ್ನೆರಡನೇ ವಯಸ್ಸಿಗೇ ಮಕ್ಕಳಿಗೆ ಪಾಠ ಹೇಳಲು ನಿಂತ ಜಾನ್ ಡಾಲ್ಟನ್, ಪರಮಾಣು ಸಿದ್ಧಾಂತದ ಡಾಲ್ಟನ್, ಇಂಥ ಕಣ್ಣಿನವನೇ. ಅವನಿಗೂ ಅದು ತಿಳಿದದ್ದು ಇಪ್ಪತ್ತಾರರ ಹೊತ್ತಿಗೆ. 1792ರಲ್ಲಿ ಒಂದು ಜಿರೇನಿಯಂ ಹೂವನ್ನು ಮೇಣದಬತ್ತಿಯ ಬೆಳಕಿನಲ್ಲಿ ನೋಡಿದ. ಹಗಲಿನಲ್ಲಿ ಆಕಾಶನೀಲಿಯಾಗಿದ್ದ ಹೂವು ಈಗ ಕೆಂಪಾಗಿ ಕಂಡಿತು. ಸ್ನೇಹಿತರನ್ನು ಕೇಳಿದರೆ ಅವರಿಗೆ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ತಮ್ಮನೋ ಅಣ್ಣನೋ, ಒಡಹುಟ್ಟಿದವನೊಬ್ಬನಿಗೆ ಮಾತ್ರ ಹಾಗೆಯೇ ಕಂಡಿತು. ಡಾಲ್ಟನ್ ನಾಚಿಕೊಳ್ಳಲಿಲ್ಲ. 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ಸಭೆಯಲ್ಲಿ ನಿಂತು, ತನಗೆ ಏನು ಹೇಗೆ ಕಾಣುತ್ತದೆ ಎಂಬುದನ್ನು ಬಿಡಿಸಿ ಹೇಳಿದ. ಕಣ್ಣೊಳಗಿನ ದ್ರವ ನೀಲಿಯಾಗಿರುವುದೇ ಇದಕ್ಕೆ ಕಾರಣ ಎಂದು ಊಹಿಸಿ, ಸತ್ತ ಮೇಲೆ ತನ್ನ ಕಣ್ಣನ್ನು ಪರೀಕ್ಷಿಸಿ ಎಂದೂ ಕೇಳಿಕೊಂಡಿದ್ದ. 1844ರಲ್ಲಿ ವೈದ್ಯರು ನೋಡಿದರು, ದ್ರವ ತಿಳಿಯಾಗಿಯೇ ಇತ್ತು. ಊಹೆ ಬಿದ್ದುಹೋಯಿತು, ಹೇಳಿಕೆ ಉಳಿಯಿತು: ಕಾಪಾಡಿಟ್ಟಿದ್ದ ಆ ಕಣ್ಣಿನ ಡಿಎನ್ಎಯನ್ನು ನೋಡಿ ಅವನಲ್ಲಿ ಹಸಿರಿನ ಕಡೆಯ ಶಂಕುಗಳೇ ಇರಲಿಲ್ಲವೆಂದು 1995ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ತನಗೆ ಕಂಡದ್ದನ್ನೇ ಹೇಳಿದ್ದರಿಂದ ಇಷ್ಟೆಲ್ಲ ಆಯಿತು. ನಮ್ಮ ಕ್ಲಾಸಿನಲ್ಲಿ ಕೂತಿದ್ದರೆ ಅವನೂ ಗೈಡು ನೋಡಿ ಬರೆಯುತ್ತಿದ್ದನೇನೋ.

ಮುಚ್ಚಿಟ್ಟದ್ದು ಶಾಶ್ವತವಾಗಿ ಮುಚ್ಚಿಯೇನೂ ಇರುವುದಿಲ್ಲ. ರೈಲು ಚಾಲಕನ ಹುದ್ದೆಗೆಂದು ವರ್ಷಗಟ್ಟಲೆ ಓದಿ, ಲಿಖಿತ ಪರೀಕ್ಷೆ ಗೆದ್ದು, ವೈದ್ಯಕೀಯ ತಪಾಸಣೆಗೆ ಹೋದ ಹುಡುಗನ ಮುಂದೆ ಇಶಿಹಾರ ಪುಸ್ತಕ ತೆರೆದುಕೊಳ್ಳುತ್ತದೆ. ಚುಕ್ಕೆಗಳ ನಡುವೆ ಎಲ್ಲರಿಗೂ ಕಾಣುವ ಅಂಕಿ ಅವನಿಗೆ ಕಾಣುವುದಿಲ್ಲ. ಸಿಗ್ನಲ್ ದೀಪ ಗುರುತಿಸಲಾಗದವನನ್ನು ಎಂಜಿನ್ನಿನಲ್ಲಿ ಕೂರಿಸಲಾಗದು. ಆ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಎಂಟನೇ ವಯಸ್ಸಿನಲ್ಲಿ ಐದು ನಿಮಿಷದಲ್ಲಿ ತಿಳಿಯಬಹುದಾಗಿದ್ದ ಸಂಗತಿ ಇಪ್ಪತ್ತೆರಡರಲ್ಲಿ, ಅದೂ ಅಪರಿಚಿತರ ಎದುರು ಬಯಲಾಗಬೇಕೇ? ಇಶಿಹಾರ ಪರೀಕ್ಷೆ ಬಂದದ್ದು 1917ರಲ್ಲಿ, ಶತಮಾನ ಕಳೆದಿದೆ. ಹೀಗೆ ಮುಚ್ಚಿದ ಬಾಗಿಲುಗಳಲ್ಲಿ ಕೆಲವು ಅಕಾರಣವಾಗಿಯೇ ಮುಚ್ಚಿದ್ದವು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಕೋರ್ಸುಗಳಿಂದ ಇಂಥವರನ್ನು ಹೊರಗಿಡಬಾರದೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಬೇಕಾಯಿತು.

ಶಾಲೆ ಮಾಡಬೇಕಾದದ್ದು ದೊಡ್ಡದೇನಲ್ಲ. ಹಸಿರು ಹಲಗೆಯ ಮೇಲೆ ಕೆಂಪು ಸೀಮೆಸುಣ್ಣ ಬೇಡ. ನಕ್ಷೆಯಲ್ಲಿ ಬಣ್ಣದ ಜೊತೆ ಗೆರೆ, ಚುಕ್ಕೆ, ಹೆಸರೂ ಇರಲಿ. ಕಣ್ಣು ತಪಾಸಣೆಯ ದಿನ ಈ ಪುಸ್ತಕವನ್ನೂ ತೋರಿಸಲಿ, ಆದರೆ ಒಬ್ಬೊಬ್ಬರನ್ನೇ ಒಳಗೆ ಕರೆದು. ವಿಷಯ ಹೊರಬಿದ್ದ ಗಳಿಗೆಯಿಂದ ‘ನನ್ನ ಶರ್ಟು ಯಾವ ಬಣ್ಣ ಹೇಳು’ ಎಂದು ಕೇಳಲು ಕ್ಲಾಸೇ ಸಾಲು ನಿಲ್ಲುತ್ತದೆ, ಸ್ಟಾಫ್ ರೂಮೂ ಹಿಂದುಳಿಯುವುದಿಲ್ಲ.

ಪ್ರಾಯೋಗಿಕ ಪರೀಕ್ಷೆಯಲ್ಲಿ ಬಣ್ಣ ಬದಲಾದ ಕ್ಷಣವನ್ನು ಸಹಪಾಠಿಯೊಬ್ಬ ಬಾಯಿಬಿಟ್ಟು ಹೇಳಿ, ಮಿಕ್ಕ ಲೆಕ್ಕವೆಲ್ಲ ಇವನದೇ ಆದರೆ ಕಲಿಕೆಗೆ ಏನು ಕೊರತೆ? ಆದರೆ ಅದಕ್ಕೆ ಮೊದಲು ಇನ್ನೊಂದು ತೀರ್ಮಾನ ಆಗಬೇಕು. ರೆಕಾರ್ಡಿನಲ್ಲಿ ಹುಡುಗನೊಬ್ಬ ‘ಬಣ್ಣ ಬದಲಾದದ್ದು ನನಗೆ ಕಾಣಲಿಲ್ಲ ಸರ್’ ಎಂದು ಬರೆದರೆ, ಮೌಲ್ಯಮಾಪಕರು ಅದಕ್ಕೆ ಎಷ್ಟು ಅಂಕ ಕೊಡುತ್ತಾರೆ?