ಹಳೇ ದನಿ ಯಾರ ಸ್ವತ್ತು?

ಶ್ರಾವಣಕ್ಕೆ ಇನ್ನೂ ಒಂದು ತಿಂಗಳಿತ್ತು. ತಿಕೋಟಾ ಹತ್ತಿರದ ನಮ್ಮೂರಿನ ಭಜನಾ ಮೇಳದ ಇಬ್ಬರು ಹುಡುಗರು ವಿಜಯಪುರದ ನಮ್ಮ ಮನೆಗೆ ಬಂದಿದ್ದರು. ಚಹಾ ಕುಡಿದು, ಅದೂ ಇದೂ ಮಾತಾಡಿ ಕಡೆಗೆ ವಿಷಯಕ್ಕೆ ಬಂದರು. "ಮೇಳಕ್ಕ ಒಂದು ಕೀಬೋರ್ಡ್ ತಗೋಬೇಕಂತ ಮಾಡೀವ್ರಿ ಕಾಕಾ. ಬಬಲೇಶ್ವರ ಕಡೀ ಮೇಳದವ್ರು ಆಗ್ಲೇ ತಂದಾರ. ನಿಮ್ಮ ಹೆಸರಿಗೆ ಪಟ್ಟಿ ಎಷ್ಟು ಬರಕೊಳ್ಳೂಣು?"

ನಾನು ಥಟ್ಟನೆ ಹೇಳಿಬಿಟ್ಟೆ: "ಹೊಸಾ ಪೇಟಿ ತಗೋರಿ, ಪೂರಾ ರೊಕ್ಕ ನಾನೇ ಕೊಡ್ತೀನಿ. ಕೀಬೋರ್ಡಿಗೆ ಒಂದು ರೂಪಾಯಿನೂ ಇಲ್ಲ."

ಹುಡುಗರು ಮರುಮಾತಿಲ್ಲದೆ ಹೋದರು. ಏನೋ ದೊಡ್ಡದನ್ನು ಕಾಪಾಡಿದೆ ಅನ್ನೋ ಸಮಾಧಾನ ನನಗೆ. ಆ ಮೇಳದಲ್ಲಿ ನಮ್ಮಪ್ಪ ಮೂವತ್ತು ವರ್ಷ ಪೇಟಿ ಬಾರಿಸಿದವರು. ಅವರು ಹೋಗಿ ಒಂಬತ್ತು ವರ್ಷ ಆಯಿತು. ಪೇಟಿ, ದಮ್ಮಡಿ, ತಾಳ, ಏಕತಾರಿ ಕೂಡಿದ ಆ ದನಿ ಕೇಳಿದರೇ ನನಗೆ ಊರಿಗೆ ಬಂದಂಗ ಅನಿಸೋದು.

ವಾರದ ಮೇಲೆ ಮೇಳದ ಹಿರಿಯ, ತಾಳ ಹಿಡಿಯೋ ಅಜ್ಜ, ಫೋನ್ ಮಾಡಿದ. "ತಮ್ಮಾ, ನಿಮ್ಮಪ್ಪ ಪೇಟಿ ತಂದಾಗ ನಮ್ಮಪ್ಪ ಎರಡು ಶ್ರಾವಣ ಮೇಳಕ್ಕ ಬರಲಿಲ್ಲ, ಗೊತ್ತೇನು? ಏಕತಾರಿ ದನಿ ಮುಚ್ಚಿಹೋತು, ಇದು ನಮ್ಮ ಮೇಳ ಅಲ್ಲ ಅಂತಿದ್ದ."

ನನಗೆ ಗೊತ್ತಿರಲಿಲ್ಲ. ನಾನು ಹುಟ್ಟಿದಾಗಿನಿಂದ ಕೇಳಿದ್ದು ಪೇಟಿಯ ಮೇಳವನ್ನೇ. ಹಾಗಾಗಿ ಅದೇ ಅಸಲಿ, ಅದೇ ಅನಾದಿ ಅಂದುಕೊಂಡಿದ್ದೆ. ಆದರೆ ಹಾರ್ಮೋನಿಯಂ ಯುರೋಪಿನಿಂದ ಬಂದ ವಾದ್ಯ. ಅದರ ಸ್ವರಗಳ ನಡುವೆ ಜಾರಲು ಬರೋದಿಲ್ಲ, ನಮ್ಮ ಶ್ರುತಿಗೆ ಒಗ್ಗೋದಿಲ್ಲ ಅಂತ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗೇ ಇಟ್ಟಿತ್ತು. ನಾನು ಕೀಬೋರ್ಡಿನ ಬಗ್ಗೆ ಹೇಳಬೇಕೆಂದು ಜೋಡಿಸಿಟ್ಟುಕೊಂಡಿದ್ದ ಮಾತುಗಳೂ ಬಹುಪಾಲು ಇವೇ.

ಹಾಸ್ಟೆಲ್ ದಿನಗಳಿಂದ ನನಗೆ ರಾಕ್ ಸಂಗೀತದ ಹುಚ್ಚು. ಅಲ್ಲೂ ಇದೇ ಜಗಳ. ಎಸಿ/ಡಿಸಿ 1973ರಲ್ಲಿ ಶುರುವಾದ ಬ್ಯಾಂಡು. ಅಂದಿನಿಂದ ಒಂದೇ ಹಾಡು ಬಾರಿಸ್ತಾರೆ ಅಂತ ಬೈಸಿಕೊಂಡಿದೆ. ದನಿ ಬದಲಿಸಿದ ಬ್ಯಾಂಡುಗಳಿಗೆ "ಮಾರಿಕೊಂಡರು" ಅನ್ನೋ ಬೈಗುಳ. ದೆಹಲಿಯ ಇಂಡಿಯನ್ ಓಷನ್ 1990ರಲ್ಲಿ ಹುಟ್ಟಿತು. ಕಟ್ಟಿದವರಲ್ಲಿ ಅಸೀಮ್ ಚಕ್ರವರ್ತಿ 2009ರಲ್ಲಿ ತೀರಿಕೊಂಡರು, ಸುಸ್ಮಿತ್ ಸೇನ್ 2013ರಲ್ಲಿ ಬಿಟ್ಟುಹೋದರು. ಬ್ಯಾಂಡು ಅದೇ ಹೆಸರಲ್ಲಿ ಇನ್ನೂ ಇದೆ. ನಮ್ಮ ಬೆಂಗಳೂರಿನ ಥರ್ಮಲ್ ಆಂಡ್ ಎ ಕ್ವಾರ್ಟರ್ 1996ರಿಂದ ನಡೀತಿದೆ. ಬ್ರೂಸ್ ಲೀ ಮಣಿ ಮತ್ತು ರಾಜೀವ್ ರಾಜಗೋಪಾಲ್ ಉಳಿದಿದ್ದಾರೆ, ಬಾಸ್ ಗಿಟಾರಿನ ಜಾಗಕ್ಕೆ ಬೇರೆಬೇರೆಯವರು ಬಂದು ಹೋಗಿದ್ದಾರೆ. ಜನ ಬದಲಾದರು, ದನಿ ಬದಲಾಯಿತು, ಹೆಸರು ಮಾತ್ರ ಉಳಿಯಿತು. ಹಾಗಾದರೆ ಅದೇ ಬ್ಯಾಂಡು ಅನ್ನೋದು ಯಾವ ಲೆಕ್ಕದಲ್ಲಿ?

ಹಲಗೆ ಒಂದೊಂದೇ ಬದಲಿಸುತ್ತಾ ಹೋದ ಹಡಗಿನ ಒಗಟು ನಿಮಗೂ ಗೊತ್ತಿರಬಹುದು. ಎಲ್ಲ ಹಲಗೆ ಬದಲಾದ ಮೇಲೂ ಅದು ಅದೇ ಹಡಗಾ? ಈ ಒಗಟು ಬ್ಯಾಂಡಿಗೆ ಪೂರ್ತಿ ಹೊಂದೋದಿಲ್ಲ. ಹಲಗೆಗೆ ಪಕ್ಕದ ಹಲಗೆಯ ಪರಿಚಯ ಇರೋದಿಲ್ಲ. ಮೇಳದಲ್ಲಿ ಹೊಸಬ ಹಳಬನ ಮಗ್ಗುಲಲ್ಲಿ ಕೂತು, ತಪ್ಪಿ, ಬೈಸಿಕೊಂಡು ಕಲಿತಿರ್ತಾನೆ. ಆ ಕೂತ ಹೊತ್ತೇ ಹೆಸರನ್ನು ಮುಂದಕ್ಕೆ ದಾಟಿಸೋದು ಅಂತ ನನಗನಿಸುತ್ತೆ.

ವಿಜಯಪುರದಿಂದ ತಿಕೋಟಾಕ್ಕೆ ಹೋಗುವಾಗ ತೊರವಿ ಸಿಗುತ್ತೆ. ಅಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹ ನವರಸಪುರ ಕಟ್ಟಿಸಿದ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟ ದೊರೆ ಅವನು. 1624ರಲ್ಲಿ ಮಲಿಕ್ ಅಂಬರನ ಸೈನ್ಯ ಆ ಊರನ್ನು ಹಾಳುಮಾಡಿತು. ಇಬ್ರಾಹಿಂ ಬರೆದ 'ಕಿತಾಬ್-ಎ-ನವರಸ್' ಇವತ್ತಿಗೂ ಇದೆ. ದಖನಿ ಹಾಡುಗಳು, ಯಾವ ರಾಗ ಅನ್ನೋದರ ಸಮೇತ. ಆದರೆ ಅವನು ಹಾಡಿದ ಹಾಗೆ ಹಾಡೋರು ಯಾರೂ ಇಲ್ಲ. ಮಾತು ಉಳಿಯಿತು, ದನಿ ಹೋಯಿತು. ನಮ್ಮ ಮೇಳದಲ್ಲಿ ಇದರ ತಿರುವು: ದನಿ ಎಷ್ಟೋ ಸಲ ಕೆಟ್ಟಿದೆ, ಆದರೆ ಉಳಿದಿದೆ.

ಹಾಗಂತ ಎಲ್ಲ ಬದಲಾವಣೆಯೂ ಸರಿ ಅನ್ನಲಾರೆ. "ಹಳೇದು ಬೇಕನ್ನೋರಿಗೆ ಬೇಕಾಗಿರೋದು ಅವರ ಹರೇದ ದಿನಗಳು" ಅಂತ ಹೇಳಿ ಕೈ ತೊಳಕೊಳ್ಳೋದು ಸುಲಭ. ನನ್ನ ಮಟ್ಟಿಗೆ ಅರ್ಧ ನಿಜವೂ ಹೌದು. ಆದರೆ ಕೆಲವು ನಷ್ಟ ಬರೀ ನೆನಪಿನದ್ದಲ್ಲ. ತಾಳದ ಅಜ್ಜನಿಗೆ ಈಗ ಉಸಿರು ಸಾಲೋದಿಲ್ಲ. ನುಡಿಯ ಮಧ್ಯೆ ಉಸಿರು ಸಿಕ್ಕಿಕೊಂಡಾಗ ದಮ್ಮಡಿಯವನು ಒಂದು ಪೆಟ್ಟು ತಡೀತಾನೆ, ಅಜ್ಜ ಬಂದು ಸೇರಿಕೊಳ್ತಾನೆ, ಕೇಳೋರಿಗೆ ಗೊತ್ತೂ ಆಗೋದಿಲ್ಲ. ಕೀಬೋರ್ಡಿನೊಳಗಿನ ತಯಾರಿ ತಾಳ ತಡಿಯೋದಿಲ್ಲ. ಅದಕ್ಕೆ ಅಜ್ಜನ ಉಸಿರು ಕೇಳಿಸೋದಿಲ್ಲ. ಯಾವ ವಾದ್ಯ ಅನ್ನೋದಕ್ಕಿಂತ ಒಬ್ಬರಿಗೊಬ್ಬರು ಕಿವಿಗೊಡ್ತಾರಾ ಅನ್ನೋದನ್ನೇ ನಾನು ಕೇಳಬೇಕಾಗಿತ್ತು.

ಅದೂ ಅಷ್ಟು ಸರಳ ಇಲ್ಲ. 1962ರಲ್ಲಿ ರೋಲಿಂಗ್ ಸ್ಟೋನ್ಸ್ ಕಟ್ಟಿದವರಲ್ಲಿ ಮುಂದಾಳು ಬ್ರಯನ್ ಜೋನ್ಸ್. ಹೆಜ್ಜೆ ಹಾಕಲಾಗದೆ ಹಿಂದುಳಿದಾಗ, 1969ರಲ್ಲಿ ಅವನನ್ನೇ ಹೊರಗೆ ಹಾಕಿದರು. ಕೆಲವೇ ವಾರಕ್ಕೆ ಅವನು ಸತ್ತ. ಬ್ಯಾಂಡು 2023ರಲ್ಲೂ ಹೊಸ ಆಲ್ಬಂ ತಂತು. ಅವನಿಗಾಗಿ ಕಾದಿದ್ದರೆ ಬ್ಯಾಂಡು ಉಳೀತಿತ್ತಾ? ಉಳಿದಿದ್ದು ಸರಿ, ಕಾಯದಿದ್ದದ್ದೂ ಸರಿ ಅಂತ ಒಂದೇ ಉಸಿರಲ್ಲಿ ಹೇಳೋಕೆ ನನಗೆ ಬರೋದಿಲ್ಲ.

ಹುಡುಗರ ಕಷ್ಟವೂ ಇದೆ. ನಮ್ಮಪ್ಪನ ಕಾಲದಲ್ಲಿ ಬರೀ ಮಳೆಯಾಶ್ರಿತ ಹೊಲ. ಸುಗ್ಗಿ ಮುಗಿದರೆ ಗುಡಿ ಕಟ್ಟೆ ಮೇಲೆ ದಿನಾ ರಾತ್ರಿ ಅಭ್ಯಾಸ. ಈಗ ತಿಕೋಟಾ, ಬಬಲೇಶ್ವರ ಸುತ್ತ ದ್ರಾಕ್ಷಿ. ಚಾಟಣಿ, ಔಷಧಿ ಹೊಡೆಯೋದು, ಒಣದ್ರಾಕ್ಷಿ ಶೆಡ್ಡು. ದ್ರಾಕ್ಷಿ ಬೆಳೆಗೆ ಪುರುಸೊತ್ತು ಅನ್ನೋದೇ ಇಲ್ಲ. ವಾರಕ್ಕೊಮ್ಮೆ ಸೇರಿದರೆ ಹೆಚ್ಚು. ಬರದ ನಾಡಿಗೆ ನೀರು ಬರಲಿ ಅಂತ ಬೇಡಿಕೊಂಡವರು ನಾವೇ. ಆ ನೀರಿನ ಜೊತೆಗೇ ಬಂದ ದನಿಯನ್ನು ಮಾತ್ರ ಬೇಡ ಅನ್ನೋ ಹಕ್ಕು ಪಟ್ಟಣದಲ್ಲಿ ಕೂತ ನನಗೆಲ್ಲಿಂದ ಬರಬೇಕು? ವರ್ಷಕ್ಕೆ ಒಂದು ರಾತ್ರಿ ಕೇಳಲು ಹೋಗುವವನು ನಾನು. ಉಳಿದ ದಿನ ಮೇಳ ನಡೆಸೋರು ಅವರು.

ರೊಕ್ಕ ಕಳಿಸಿದೆ. ಕೂಡಿಸಿ ಒಂದು ಮಾತೂ ಹೇಳಿದೆ, "ತಯಾರಿ ತಾಳ ಹಚ್ಚಬ್ಯಾಡ್ರಿ" ಅಂತ. ಅಜ್ಜ ಫೋನಿನಲ್ಲೇ ನಕ್ಕ. "ಕೊಟ್ಟಮ್ಯಾಲ ಷರತ್ತು ಹಾಕಬಾರ್ದಪಾ. ನಿಮ್ಮಪ್ಪಗೂ ಯಾರೂ ಹಾಕಿದ್ದಿಲ್ಲ."

ಶ್ರಾವಣದ ಕಡೇ ಸೋಮವಾರ ಹೋದೆ. ತಯಾರಿ ತಾಳ ಹಚ್ಚಿದ್ದರು. ರಾತ್ರಿಯಲ್ಲಿ ನಾಲ್ಕು ಸಲ ಅಜ್ಜನ ಉಸಿರು ಸಿಕ್ಕಿತು. ಎರಡು ಸಲ ಹುಡುಗ ಗುಂಡಿ ಒತ್ತಿ ತಾಳ ನಿಲ್ಲಿಸಿದ, ಅಜ್ಜ ಬಂದು ಸೇರಿಕೊಂಡ. ಎರಡು ಸಲ ಹುಡುಗನಿಗೆ ಗೊತ್ತಾಗಲಿಲ್ಲ, ಅಜ್ಜ ಆ ನುಡಿ ಬಿಟ್ಟುಕೊಟ್ಟು ಸುಮ್ಮನೆ ತಾಳ ಹಾಕುತ್ತ ಕೂತ. ಬೆಳಗಿನ ಜಾವ ಚಹಾ ಕುಡಿಯುವಾಗ ಅದನ್ನೇ ಹುಡುಗನಿಗೆ ಹೇಳಿದ, "ನನ್ನ ಮಾರಿ ನೋಡ್ಕೋತ ಬಾರಸ್ಬೇಕು." ಹುಡುಗ ಹೂಂ ಅಂದ.

ನಮ್ಮಪ್ಪನ ದನಿ ನನಗೆ ಆ ರಾತ್ರಿ ಕೇಳಲಿಲ್ಲ. ಸಂಕಟ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದು ನನ್ನ ಸಂಕಟ. ಮೇಳ ನನಗೆ ತೀರಿಸಬೇಕಾದ ಸಾಲ ಅಲ್ಲ.