ತೆಗೆಯಲ್ಪಡದ ಮುಳ್ಳು



ನಮ್ಮ ಸಭೆಯ ಒಬ್ಬ ವಿಧವೆಯು ಮೂರು ಮಳೆಗಾಲಗಳಿಂದ ಕೀಲುನೋವಿನಿಂದ ಚಾಪೆ ಹಿಡಿದಿರುತ್ತಾಳೆ. ಮನೆದೇವರನ್ನು ಬಿಟ್ಟದ್ದಕ್ಕೆ ಇದೇ ಫಲವೆಂದು ನೆರೆಹೊರೆಯವರು ಆಕೆಯನ್ನು ಹಂಗಿಸುತ್ತಿದ್ದರು. ಅದು ಆಕೆಗೆ ಅಷ್ಟಾಗಿ ನಾಟಲಿಲ್ಲ. ನಾಟಿದ್ದು ನನ್ನ ಮಾತು. "ಅಮ್ಮಾ, ನಂಬಿಕೆಯಿಂದ ಪ್ರಾರ್ಥಿಸಿದರೆ ಗುಣವಾಗುವುದು" ಎಂದು ನಾನು ಹೇಳಿದ್ದೆನು. ಗುಣವಾಗಲಿಲ್ಲ. "ಹಾಗಾದರೆ ಅಯ್ಯಾ, ನನ್ನಲ್ಲಿ ನಂಬಿಕೆಯಿಲ್ಲವೋ?" ಎಂದು ಆಕೆ ಕೇಳಲು ನನ್ನ ಬಾಯಿ ಕಟ್ಟಿಹೋಯಿತು. ಸೆಮಿನರಿಯಲ್ಲಿ ಕಲಿತ ಉತ್ತರಗಳಲ್ಲಿ ಒಂದಾದರೂ ಆ ಚಾಪೆಯ ಬಳಿಯಲ್ಲಿ ನಿಲ್ಲಲಿಲ್ಲ.

ಆ ರಾತ್ರಿ, ಪೌಲನು ಕ್ರಿ. ಶ. 56ರ ಸುಮಾರಿನಲ್ಲಿ ಕೊರಿಂಥದ ಸಭೆಗೆ ಬರೆದ ಎರಡನೆಯ ಪತ್ರಿಕೆಯನ್ನು ದೀಪದ ಮುಂದೆ ತೆರೆದೆನು. ಕೊರಿಂಥವು ಎರಡು ರೇವುಗಳುಳ್ಳ ಐಶ್ವರ್ಯದ ಪಟ್ಟಣ. ಅಲ್ಲಿಯವರು ವಾಕ್ಚಾತುರ್ಯವನ್ನು ಮೆಚ್ಚುವವರು. ಪೌಲನ ಕಾಗದಗಳು ಘನವಾದವುಗಳು, ಎದುರಿಗೆ ಬಂದರೆ ಆಳೂ ಸಣ್ಣವನು, ಮಾತೂ ಲೆಕ್ಕಕ್ಕಿಲ್ಲ ಎಂದು ಕೆಲವರು ಹಾಸ್ಯಮಾಡುತ್ತಿದ್ದರು. ಅವರಿಗೆ ಉತ್ತರ ಕೊಡುವಾಗ ಅವನು ಯಾವದರಲ್ಲಿ ಹೆಚ್ಚಳಪಡುತ್ತಾನೆ ನೋಡಿರಿ! ರೋಮಾಯರ ದಂಡಿನಲ್ಲಿ ಶತ್ರುಗಳ ಗೋಡೆಯನ್ನು ಮೊದಲು ಹತ್ತಿದವನಿಗೆ ಚಿನ್ನದ ಕಿರೀಟವನ್ನು ಕೊಡುತ್ತಿದ್ದರು. ಪೌಲನಾದರೋ ತಾನು ದಮಸ್ಕದ ಗೋಡೆಯಿಂದ ಹೆಡಿಗೆಯಲ್ಲಿ ಕೆಳಗಿಳಿಸಲ್ಪಟ್ಟು ತಪ್ಪಿಸಿಕೊಂಡ ಕಥೆಯನ್ನು ಹೇಳುತ್ತಾನೆ.

ಅದರ ತರುವಾಯ, 12ನೆಯ ಅಧ್ಯಾಯದಲ್ಲಿ, ಅವನ ಶರೀರದಲ್ಲಿ ನಾಟಿದ್ದ ಮುಳ್ಳಿನ ಸಂಗತಿ ಬರುತ್ತದೆ. ಅದು ಕಣ್ಣಿನ ಬೇನೆಯೋ ಚಳಿಜ್ವರವೋ ಪಂಡಿತರು ವಾದಿಸಲಿ. ಅವನು ಅದರ ಹೆಸರನ್ನು ಹೇಳದೆ ಬಿಟ್ಟದ್ದು ಒಳ್ಳೇದೇ ಆಯಿತು. ಪ್ರತಿಯೊಬ್ಬನೂ ತನ್ನ ತನ್ನ ಮುಳ್ಳನ್ನು ಅಲ್ಲಿಟ್ಟು ಓದಬಹುದು. ಜಾಲಿಮುಳ್ಳು ಕಾಲಲ್ಲಿ ಮುರಿದವನು ಹೇಗೆ ನಡೆಯುವನೆಂದು ಹೊಲಗೆಲಸದವರಾದ ನಿಮಗೆ ನಾನು ಹೇಳಬೇಕೇ? ಅದನ್ನು ತೆಗೆದುಬಿಡಬೇಕೆಂದು ಅವನು ಮೂರು ಸಾರಿ ಬೇಡಿಕೊಂಡನು. ಅಪೊಸ್ತಲನಿಗೆ ನಂಬಿಕೆಯಿರಲಿಲ್ಲವೆಂದು ಯಾರು ಹೇಳುವರು? ಆದರೂ ಮುಳ್ಳು ಹೋಗಲಿಲ್ಲ. ಕರ್ತನು ಸುಮ್ಮನಿರಲೂ ಇಲ್ಲ. ಅವನಿಗೆ ತನ್ನ ಕೃಪೆಯೇ ಸಾಕೆಂದೂ, ಮನುಷ್ಯನು ಸೋತಲ್ಲಿಯೇ ತನ್ನ ಬಲವು ತುಂಬಿ ತೋರುವದೆಂದೂ ತಿಳಿಸಿದನು. ಕೇಳಿದ್ದು ದೊರೆಯಲಿಲ್ಲ, ಉತ್ತರ ದೊರೆಯಿತು. ನಾನು ಆ ತಾಯಿಗೆ ಹೇಳಬೇಕಾಗಿದ್ದದ್ದು ಇದೇ.

ಇನ್ನೊಂದು ಮಾತು ಗಲಾತ್ಯದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದಲ್ಲಿದೆ. ನಾನು ಅದನ್ನು ಎಷ್ಟೋ ಸಾರಿ ಓದಿಯೂ ಗಮನಿಸಿರಲಿಲ್ಲ. ತಾನು ಮೊದಲು ಅವರಿಗೆ ಸುವಾರ್ತೆಯನ್ನು ಸಾರಿದ್ದು ದೇಹದ ಅಸ್ವಸ್ಥತೆಯ ದೆಸೆಯಿಂದಲೇ ಎಂದು ಪೌಲನು ಜ್ಞಾಪಕಪಡಿಸುತ್ತಾನೆ. ಆರೋಗ್ಯವಾಗಿದ್ದಿದ್ದರೆ ಮುಂದಿನ ಊರಿಗೆ ಸಾಗಿಹೋಗುತ್ತಿದ್ದನೋ ಏನೋ. ರೋಗವು ಅವನನ್ನು ಅಲ್ಲಿ ನಿಲ್ಲಿಸಿತು. ಅಲ್ಲಿ ಸಭೆ ಹುಟ್ಟಿತು.

ಮರುದಿನ ನಾನು ಹೋಗಿ, ನನ್ನ ಮಾತು ತಪ್ಪೆಂದು ಒಪ್ಪಿಕೊಂಡು, ಈ ಎರಡು ಭಾಗಗಳನ್ನೂ ಆಕೆಗೆ ಓದಿದೆನು. ಆಕೆ ಬಹಳ ಹೊತ್ತು ಸುಮ್ಮನಿದ್ದು, "ನಾನು ದೇವಾಲಯಕ್ಕೆ ಬರಲಾರೆನು, ಕೂಟವೇ ಇಲ್ಲಿಗೆ ಬರಲಿ" ಅಂದಳು. ಅಂದಿನಿಂದ ಬುಧವಾರದ ಪ್ರಾರ್ಥನೆಯು ಆಕೆಯ ಜಗುಲಿಯಲ್ಲಿ ನಡೆಯುತ್ತದೆ. ಹಂಗಿಸಿದವರಲ್ಲಿ ಇಬ್ಬರು ಬೇಲಿಯಾಚೆ ನಿಂತು ಕೇಳುತ್ತಾರೆ. ಆಕೆಯ ಮೊಣಕಾಲು ಇನ್ನೂ ಬಾತಿರುತ್ತದೆ.