ಚೆಲುವನ್ನು ನೋಡುತ್ತಾ ನಿಲ್ಲುವದು ನಷ್ಟವೋ?

ಹೊಲದಲ್ಲಿ ಕೆಲಸವಿರುವಾಗ ಒಬ್ಬನು ನೇಗಿಲನ್ನು ನಿಲ್ಲಿಸಿ, ಬದುವಿನ ಹುಲ್ಲಿನಲ್ಲಿ ಜೇಡನ ಬಲೆಯು ಇಬ್ಬನಿಯ ಭಾರದಿಂದ ಜೋಲುತ್ತಿರುವದನ್ನು ನೋಡುತ್ತಾ ನಿಂತರೆ ಅವನನ್ನು ಏನೆಂದು ಕರೆಯುವೆವು? ಮೈಗಳ್ಳನೆಂದು ಕರೆಯುವವರೇ ಹೆಚ್ಚು. ಅಂದಚೆಂದವನ್ನು ನೋಡುವದು ಹೊಟ್ಟೆ ತುಂಬಿದವರ ಕೆಲಸ, ದಿನಗೂಲಿಯಿಂದ ಬದುಕುವವನಿಗೆ ಅದು ಯಾತಕ್ಕೆ ಎಂಬ ಮಾತು ನಮ್ಮ ಸಭೆಗಳಲ್ಲಿಯೂ ಕೇಳಿಬರುತ್ತದೆ. ಇನ್ನು ಕೆಲವರು ಭಕ್ತಿಯ ಕಾರಣದಿಂದಲೇ ಇದಕ್ಕೆ ಅಂಜುತ್ತಾರೆ. ಹವ್ವಳು ಮೋಸಹೋದದ್ದು ಕಣ್ಣಿಗೆ ರಮ್ಯವಾಗಿದ್ದ ಹಣ್ಣಿನಿಂದಲ್ಲವೇ, ಆದಕಾರಣ ಕಣ್ಣನ್ನು ತಗ್ಗಿಸಿ ನಡೆಯುವದೇ ಕ್ಷೇಮ ಎಂದು ಅವರು ಹೇಳುತ್ತಾರೆ. ಈ ಎರಡು ಆಕ್ಷೇಪಣೆಗಳೂ ಹಗುರವಾದವುಗಳಲ್ಲ. ಅವುಗಳನ್ನು ತೂಗಿ ನೋಡುವದಕ್ಕೆ ಒಬ್ಬ ರೈತನ ಚರಿತ್ರೆಯು ನಮಗೆ ಸಹಾಯವಾಗುವದೆಂದು ನೆನಸಿ ಇದನ್ನು ಬರೆಯುತ್ತೇನೆ.

ಅಮೇರಿಕಾದ ಸಂಯುಕ್ತ ಸಂಸ್ಥಾನಗಳ ಉತ್ತರ ಭಾಗದಲ್ಲಿ ವರ್ಮಾಂಟ್ ಎಂಬ ಗುಡ್ಡಗಾಡಿನ ಸೀಮೆಯುಂಟು. ಅಲ್ಲಿ ಜೆರಿಕೋ ಎಂಬದೊಂದು ಊರು. ಯೆಹೋಶುವನ ಕಾಲದಲ್ಲಿ ಗೋಡೆ ಬಿದ್ದ ಪಟ್ಟಣದ ಹೆಸರೇ ಅದಕ್ಕೂ ಇದೆ. 1865ನೇ ಫೆಬ್ರವರಿ 9ರಂದು ವಿಲ್ಸನ್ ಬೆಂಟ್ಲಿ ಎಂಬವನು ಆ ಊರಿನಲ್ಲಿ ಹುಟ್ಟಿದನು. ತಂದೆಯು ಹಸುಗಳನ್ನು ಸಾಕುವ ರೈತನು. ತಾಯಿಯು ಮದುವೆಗೆ ಮೊದಲು ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದವಳು. ಹುಡುಗನಿಗೆ 14 ವರುಷವಾಗುವ ತನಕ ಮನೆಯಲ್ಲಿ ಪಾಠ ಹೇಳಿದವಳು ಆ ತಾಯಿಯೇ. ಆಕೆಯ ಬಳಿಯಲ್ಲಿ ಒಂದು ಹಳೆಯ ಸೂಕ್ಷ್ಮದರ್ಶಕ ಯಂತ್ರವಿತ್ತು. ಹುಡುಗನು 15 ವರುಷದವನಾದಾಗ ಅದರ ಕೆಳಗೆ ಹಿಮದ ಒಂದು ಚೂರನ್ನು ಇಟ್ಟು ನೋಡಿದನು. ಅಂದಿನಿಂದ ಅವನ ಬಾಳಿನ ದಾರಿ ಗೊತ್ತಾಯಿತು.

ನಮ್ಮ ಸೀಮೆಯವರಲ್ಲಿ ಹೆಚ್ಚಿನವರು ಹಿಮ ಬೀಳುವದನ್ನು ಕಂಡವರಲ್ಲ, ಆಲಿಕಲ್ಲನ್ನು ಕಂಡಿದ್ದೇವೆ. ಆದರೆ ಆಲಿಕಲ್ಲು ಬೇರೆ, ಹಿಮ ಬೇರೆ. ಆಲಿಕಲ್ಲು ನೀರಿನ ಹನಿಗಳು ಗಟ್ಟಿಯಾಗಿ ಉಂಡೆಗಟ್ಟಿದ್ದು. ಹಿಮವಾದರೋ ಮೋಡದೊಳಗಿನ ಆವಿಯು ನೀರಾಗದೆ ನೇರವಾಗಿ ಹೆಪ್ಪುಗಟ್ಟಿ ಹರಳಾದದ್ದು. ಅರಳೆಯ ಹಾಗೆ ಹಗುರವಾಗಿ ಬೀಳುತ್ತದೆ. ವರ್ಮಾಂಟಿನಲ್ಲಿ ಅದು ಚಳಿಗಾಲದ ತಿಂಗಳುಗಳಲ್ಲೆಲ್ಲಾ ನೆಲವನ್ನು ಮುಚ್ಚಿಕೊಂಡಿರುತ್ತದೆ. ದಾರಿಯನ್ನು ಕಟ್ಟಿ, ಕೊಟ್ಟಿಗೆಯ ಬಾಗಿಲನ್ನು ಹೂತು, ರೈತನಿಗೆ ಗುದ್ದಲಿಯ ಕೆಲಸವನ್ನು ಹೆಚ್ಚಿಸುವ ವಸ್ತು ಅದು. ನಮಗೆ ಕೆಸರು ಹೇಗೋ ಅವರಿಗೆ ಹಿಮ ಹಾಗೆ. ಅಂಥದರಲ್ಲಿ ನೋಡತಕ್ಕದ್ದು ಏನಿದೆ ಎಂದು ಆ ಊರಿನವರು ಕೇಳಿದ್ದು ಆಶ್ಚರ್ಯವಲ್ಲ.

ಹುಡುಗನು ಕಂಡದ್ದೇನಂದರೆ, ಒಂದೊಂದು ಹರಳು ಆರು ತೋಳುಳ್ಳ ನಕ್ಷತ್ರದಂತಿತ್ತು. ಒಂದೊಂದು ತೋಳಿಗೆ ಜರೀಗಿಡದ ಎಲೆಯಂತೆ ಕವಲುಗಳಿದ್ದವು. ಹಿಮವು ಯಾಕೆ ಯಾವಾಗಲೂ ಆರು ಮೂಲೆಯದಾಗಿರುತ್ತದೆಂಬ ಪ್ರಶ್ನೆಯನ್ನು ಕೆಪ್ಲರನೆಂಬ ಖಗೋಳ ಪಂಡಿತನು 1611ರಲ್ಲಿಯೇ ಒಂದು ಚಿಕ್ಕ ಪುಸ್ತಕವನ್ನು ಬರೆದು ವಿಚಾರಿಸಿದ್ದನು. ಇವನು ಲೂಥರನ ಬೋಧನೆಯನ್ನು ಹಿಡಿದವನು. ಅದರ ಕಾರಣವು ಈಗ ತಿಳಿದಿದೆ: ನೀರಿನ ಅತಿ ಸೂಕ್ಷ್ಮವಾದ ಅಣುಗಳು ಹೆಪ್ಪುಗಟ್ಟುವಾಗ ಆರಾರು ಕೂಡಿ ಬಳೆಯ ಹಾಗೆ ಜೋಡಿಸಿಕೊಳ್ಳುತ್ತವೆ. ಹರಳು ಮೋಡದೊಳಗಿಂದ ಇಳಿದು ಬರುವಾಗ ದಾರಿಯಲ್ಲಿ ಚಳಿಯೂ ತೇವವೂ ಹೇಗೆ ಹೇಗೆ ಬದಲಾಗುತ್ತವೋ ಹಾಗೆ ಹಾಗೆ ತೋಳುಗಳು ಬೆಳೆಯುತ್ತವೆ. ಒಂದೇ ಹರಳಿನ ಆರು ತೋಳುಗಳು ಒಂದೇ ದಾರಿಯಲ್ಲಿ ಕೂಡಿ ಬಂದದರಿಂದ ಒಂದನ್ನೊಂದು ಹೋಲುತ್ತವೆ. ಬೇರೆ ಹರಳು ಬೇರೆ ದಾರಿಯಲ್ಲಿ ಬಂದದರಿಂದ ಅದರ ರೂಪ ಬೇರೆ. ಯೋಬನಿಗೆ ದೇವರು ಹಾಕಿದ ಪ್ರಶ್ನೆಗಳಲ್ಲಿ ಹಿಮದ ಭಂಡಾರಗಳ ಮಾತೂ ಇದೆ (38ನೇ ಅಧ್ಯಾಯ). ಆ ಭಂಡಾರದಲ್ಲಿ ಎಷ್ಟು ಬಗೆಯ ಒಡವೆಗಳಿವೆ ಎಂಬದನ್ನು ಯೋಬನು ಕಾಣಲಿಲ್ಲ. ಹಸುಗಳನ್ನು ಸಾಕುವ ಹುಡುಗನೊಬ್ಬನು ಕಂಡನು.

ಅವನು ಮೊದಲು ಅವುಗಳನ್ನು ಕೈಯಿಂದ ಬರೆಯಲು ಪ್ರಯತ್ನಿಸಿದನು. ಬರೆದು ಮುಗಿಸುವದರೊಳಗೆ ಹರಳು ಕರಗಿಹೋಗುತ್ತಿತ್ತು. ಆಗ ಫೋಟೋ ತೆಗೆಯುವ ಯಂತ್ರವನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಬಹುದೆಂದು ಓದಿ ತಿಳಿದುಕೊಂಡು, ಅದನ್ನು ಕೊಡಿಸಬೇಕೆಂದು ತಂದೆತಾಯಿಗಳನ್ನು ಬೇಡಿಕೊಂಡನು. ಅದರ ಬೆಲೆ ಸುಮಾರು 100 ಡಾಲರ್. ಆ ಕಾಲದ ರೈತನಿಗೆ ಅದು ದೊಡ್ಡ ಹಣ. ತಂದೆಗೆ ಇದು ಹುಚ್ಚುತನವೆಂದು ತೋಚಿತು. ತಾಯಿಯು ಮಗನ ಪಕ್ಷವಾಗಿ ಮಾತಾಡಿದ ಮೇಲೆ ತಂದೆಯು ಒಪ್ಪಿದನು. ಯಂತ್ರ ಬಂದ ಮೇಲೆಯೂ ಬಹುಕಾಲ ಚಿತ್ರವು ಕೈಗೂಡಲಿಲ್ಲ. ಕಡೆಗೆ 1885ನೇ ಜನವರಿ 15ರಂದು, ಇನ್ನೂ 20 ವರುಷ ತುಂಬದಿದ್ದಾಗ, ಹಿಮದ ಒಂದೇ ಹರಳಿನ ಸ್ಪಷ್ಟವಾದ ಚಿತ್ರವು ಅವನಿಗೆ ದೊರಕಿತು.

ಅವನ ಕೆಲಸದ ಕ್ರಮವನ್ನು ಸ್ವಲ್ಪ ಹೇಳುವೆನು. ಬೆಂಕಿಯಿಲ್ಲದ ಕೊಟ್ಟಿಗೆಯಲ್ಲಿ ನಿಂತು, ಕಪ್ಪು ಹಲಗೆಯನ್ನು ಹೊರಗೆ ಚಾಚಿ ಬೀಳುವ ಹಿಮವನ್ನು ಹಿಡಿಯುವನು. ಉಸಿರು ತಗಲಿದರೆ ಹರಳು ಕರಗುವದರಿಂದ ಉಸಿರನ್ನು ಬಿಗಿಹಿಡಿದು, ಒಂದು ಸಣ್ಣ ಕಡ್ಡಿಯಿಂದ ಅದನ್ನು ಎತ್ತಿ ಗಾಜಿನ ಮೇಲಿಟ್ಟು, ಹಕ್ಕಿಯ ಗರಿಯಿಂದ ಮೆಲ್ಲಗೆ ಒತ್ತಿ ಸಮಮಾಡುವನು. ಹೀಗೆ 46 ವರುಷಗಳಲ್ಲಿ 5000ಕ್ಕಿಂತ ಹೆಚ್ಚು ಚಿತ್ರಗಳನ್ನು ತೆಗೆದನು. ಲೆಕ್ಕ ಹಾಕಿದರೆ ಒಂದು ಚಳಿಗಾಲಕ್ಕೆ ನೂರಕ್ಕಿಂತ ಸ್ವಲ್ಪ ಮೇಲಾಗುತ್ತದೆ. ಈಗ ನಮ್ಮ ಹಳ್ಳಿಯ ಒಂದು ಮದುವೆಯಲ್ಲಿ ಯೌವನಸ್ಥರು ತಮ್ಮ ಫೋನುಗಳಿಂದ ಒಂದೇ ದಿನದಲ್ಲಿ ಅಷ್ಟನ್ನು ತೆಗೆದು, ಮರುದಿನ ಮರೆತುಬಿಡುತ್ತಾರೆ.

ಈಗ ಮೊದಲನೆಯ ಆಕ್ಷೇಪಣೆಗೆ ಬರೋಣ. ಆ ತಂದೆಯ ಮಾತು ನ್ಯಾಯವಲ್ಲವೋ? ಬಡವನ ಮನೆಯ ಹಣವನ್ನು ಕರಗಿಹೋಗುವ ಹಿಮಕ್ಕಾಗಿ ಕಳೆಯಬಹುದೋ? ಬೆಂಟ್ಲಿಗೆ ಇದರಿಂದ ಐಶ್ವರ್ಯ ಬರಲಿಲ್ಲ. ಚಿತ್ರವೊಂದಕ್ಕೆ 5 ಸೆಂಟಿನಂತೆ ಮಾರಿದನು, ಖರ್ಚಾದದ್ದಕ್ಕಿಂತ ಬಂದದ್ದು ಕಡಿಮೆ. ಇಂಥದೇ ಪ್ರಶ್ನೆಯು ಬೇಥಾನ್ಯದಲ್ಲಿಯೂ ಎದ್ದಿತ್ತು. ಮರಿಯಳು ಸುಗಂಧತೈಲವನ್ನು ಕರ್ತನ ಪಾದಗಳಿಗೆ ಹಚ್ಚಿದಾಗ, ಇದನ್ನು ಮಾರಿ ಬಡವರಿಗೆ ಕೊಡಬಹುದಾಗಿತ್ತಲ್ಲಾ ಎಂದು ಗುಣುಗುಟ್ಟಿದವರಿದ್ದರು. ಆ ತೈಲದ ಬೆಲೆಯು ಕೂಲಿಯವನ 300 ದಿನದ ಕೂಲಿಗೆ ಸಮಾನವಾಗಿತ್ತೆಂಬದನ್ನು ನಾವು ಲೆಕ್ಕಿಸಿದರೆ ಗುಣುಗುಟ್ಟಿದವರ ಮೇಲೆ ನಮಗೆ ಅಷ್ಟು ಕೋಪ ಬರುವದಿಲ್ಲ. ಆದರೂ ಕರ್ತನು ಆಕೆಯನ್ನು ಗದರಿಸದೆ, ಆಕೆಯದು ಒಳ್ಳೆಯ ಕೆಲಸವೆಂದು ಒಪ್ಪಿದನು. ಬಡವರ ಹಕ್ಕನ್ನು ಆತನು ಅಲ್ಲಗಳೆಯಲಿಲ್ಲ. ಲಾಭವೊಂದೇ ಎಲ್ಲಾ ಕೆಲಸಕ್ಕೂ ಅಳತೆಗೋಲಾಗುವದನ್ನು ಮಾತ್ರ ಆತನು ಒಪ್ಪಲಿಲ್ಲ. ಬೆಂಟ್ಲಿಯ ವಿಷಯದಲ್ಲಿ ಇನ್ನೂ ಒಂದು ಮಾತನ್ನು ಹೇಳಬೇಕು: ಅವನು ಹೊಲಮನೆಯನ್ನು ಬಿಟ್ಟು ಹೋಗಲಿಲ್ಲ, ಜೀವಮಾನವೆಲ್ಲಾ ರೈತನಾಗಿಯೇ ಇದ್ದನು. ನೇಗಿಲನ್ನು ಒಂದು ಗಳಿಗೆ ನಿಲ್ಲಿಸುವವನು ಬೇರೆ, ನೇಗಿಲನ್ನೇ ಮಾರಿಕೊಳ್ಳುವವನು ಬೇರೆ. ಮನೆಯಲ್ಲಿ ಮಕ್ಕಳು ಹಸಿದಿರುವಾಗ ಸಾಲ ಮಾಡಿ ಬೆಲೆಯುಳ್ಳ ಫೋನನ್ನು ಕೊಳ್ಳುವವನಿಗೆ ಬೆಂಟ್ಲಿಯ ಹೆಸರು ಆಸರೆಯಾಗಲಾರದು.

ಎರಡನೆಯ ಆಕ್ಷೇಪಣೆಗೆ ಉತ್ತರವು ಆದಿಕಾಂಡದಲ್ಲಿಯೇ ದೊರೆಯುತ್ತದೆ. ಹವ್ವಳ ಕಥೆಯು 3ನೇ ಅಧ್ಯಾಯದಲ್ಲಿದೆ. ಅದಕ್ಕಿಂತ ಮುಂಚೆ, 2ನೇ ಅಧ್ಯಾಯದಲ್ಲಿ, ದೇವರು ತೋಟದಲ್ಲಿ ಮರಗಳನ್ನು ಬೆಳೆಯಿಸಿದ ಸಂಗತಿ ಬರುತ್ತದೆ. ಆ ಮರಗಳು ನೋಟಕ್ಕೆ ರಮ್ಯವಾಗಿದ್ದವೆಂಬ ಮಾತು ಮೊದಲು, ಊಟಕ್ಕೆ ಒಳ್ಳೆಯವಾಗಿದ್ದವೆಂಬ ಮಾತು ಆಮೇಲೆ. ಪಾಪವು ಲೋಕವನ್ನು ಸೇರುವದಕ್ಕೆ ಮೊದಲೇ ಚೆಲುವು ಇತ್ತು. ಹವ್ವಳು ನೋಡಿದ್ದು ತಪ್ಪಲ್ಲ. ತನ್ನದಲ್ಲದ್ದನ್ನು ಕಿತ್ತುಕೊಂಡದ್ದು ತಪ್ಪು. ಚಿತ್ರ ಮಾಡುವದೇ ವಿಗ್ರಹ ಮಾಡಿದಂತೆ ಆಗುವದೆಂದು ಹೆದರುವ ಹಿರಿಯರಿಗೆ ನಾನು ಹೇಳುವದು ಇಷ್ಟೇ: ವಿಗ್ರಹಗಳನ್ನು ನಿಷೇಧಿಸಿದ ವಿಮೋಚನಕಾಂಡದಲ್ಲಿಯೇ ಬೆಚಲೇಲನೆಂಬ ಕೆಲಸಗಾರನನ್ನು ದೇವರು ತನ್ನ ಆತ್ಮದಿಂದ ತುಂಬಿಸಿ ಬಂಗಾರದ ಕೆಲಸವನ್ನೂ ಕೆತ್ತನೆಯ ಕೆಲಸವನ್ನೂ ಮಾಡಿಸಿದ್ದು ಬರೆದದೆ. ನಾವು ಪ್ರೇರಣೆ ಎಂದು ಕರೆಯುವದಕ್ಕೆ ಇದಕ್ಕಿಂತ ಹಳೆಯ ದೃಷ್ಟಾಂತವನ್ನು ನಾನು ಹುಡುಕಲಾರೆನು.

ಆದರೆ ಈ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಕಲಕುವ ಸಂಗತಿಯು ಬೇರೊಂದು. ಬೆಂಟ್ಲಿಯ ಚಿತ್ರಗಳಲ್ಲಿ ಬಿಳಿಯ ಹರಳು ಕಪ್ಪಾದ ನೆಲದ ಮೇಲೆ ಹೊಳೆಯುತ್ತದೆ. ಯಂತ್ರವು ಹಾಗೆ ತೋರಿಸಲಿಲ್ಲ. ಮೊದಲ ಚಿತ್ರದಲ್ಲಿ ನೆಲವೂ ಬೆಳ್ಳಗೇ ಇರುತ್ತಿತ್ತು. ಅವನು ಗಾಜಿನ ಫಲಕದ ಪ್ರತಿಯನ್ನು ಮಾಡಿ, ಹರಳಿನ ಅಂಚಿನ ಸುತ್ತಲೂ ಲೇಪವನ್ನು ಚೂರಿಯಿಂದ ಹೆರೆದು ತೆಗೆದು ಅದನ್ನು ಕಪ್ಪಾಗಿ ಮಾಡುತ್ತಿದ್ದನು. ಜರ್ಮನಿಯಲ್ಲಿ ಹೆಲ್‌ಮನ್ ಎಂಬ ಹವಾಶಾಸ್ತ್ರದ ಪಂಡಿತನಿಗೋಸ್ಕರ ನೊಯ್‌ಹೌಸ್ ಎಂಬವನು ಹಿಮದ ಚಿತ್ರಗಳನ್ನು ತೆಗೆದಿದ್ದನು. ಅವುಗಳಲ್ಲಿ ಹರಳುಗಳು ಮುರಿದೂ ಸೊಟ್ಟಾಗಿಯೂ ಇದ್ದವು. ಹೆರೆಯುವಾಗ ಬೆಂಟ್ಲಿಯು ಹರಳಿನ ರೂಪವನ್ನೇ ಕೆಡಿಸುತ್ತಾನೆಂದು ಅವರು ಆಕ್ಷೇಪಿಸಿದರು. ಸತ್ಯವನ್ನು ಚೆನ್ನಾಗಿ ಕಾಣಿಸುವದಕ್ಕೆ ಸಹಾಯವಾಗುವ ತಿದ್ದುವಿಕೆಯು ತಪ್ಪಲ್ಲವೆಂಬದು ಬೆಂಟ್ಲಿಯ ವಾದ.

ಹೆರೆದ ವಿಷಯದಲ್ಲಿ ನಾನು ಬೆಂಟ್ಲಿಯ ಪಕ್ಷದವನು. ಹರಳಿಗೆ ಅವನು ಒಂದು ಕವಲನ್ನೂ ಕೂಡಿಸಲಿಲ್ಲ. ದೀಪವನ್ನು ಕತ್ತಲೆಯಲ್ಲಿ ಇಟ್ಟಂತೆ ಮಾಡಿದನು. ಆದರೆ ಅವನು ಸಾವಿರ ಹರಳುಗಳಲ್ಲಿ ಸರಿಯಾದದ್ದನ್ನೇ ಆರಿಸಿ ತೆಗೆದದರಿಂದ, ಹಿಮವೆಲ್ಲವೂ ಹಾಗೆಯೇ ಇರುವದೆಂದು ಜನರು ನಂಬಿದರು. ಬೀಳುವ ಹರಳುಗಳಲ್ಲಿ ಹೆಚ್ಚಿನ ಪಾಲು ಮುರಿದವು, ಒಂದಕ್ಕೊಂದು ಅಂಟಿಕೊಂಡವು. ಚೂರಿಗಿಂತ ಆರಿಸುವ ಕಣ್ಣೇ ಹೆಚ್ಚು ಜಾಗರೂಕವಾಗಿರಬೇಕು. ಇದು ಹಿಮದ ಮಾತು ಮಾತ್ರವಲ್ಲ. ಹಿಂದಿನ ಕಾಲದಲ್ಲಿ ಮಿಶನ್‌ಗಳವರು ನಮ್ಮ ಹಳ್ಳಿಗಳ ಚಿತ್ರಗಳನ್ನು ತಮ್ಮ ದೇಶಗಳಿಗೆ ಕಳುಹಿಸಿ ಹಣವನ್ನು ಕೂಡಿಸುವಾಗ, ಹರಕು ಬಟ್ಟೆಯ ಮಕ್ಕಳನ್ನೂ ಬಾಗಿದ ಗುಡಿಸಲನ್ನೂ ಆರಿಸುವದುಂಟು. ಆ ಚಿತ್ರಗಳಲ್ಲಿ ಸುಳ್ಳಿರಲಿಲ್ಲ. ಆದರೆ ಅದೇ ಗುಡಿಸಲಿನ ಗೋಡೆಯನ್ನು ಸಾರಿಸಿ ಸುಣ್ಣದ ಗೆರೆ ಎಳೆದವಳ ಕೈಚಳಕವು ಅವರಿಗೆ ಕಾಣಿಸದೆ ಹೋದರೆ ಅದು ಅರ್ಧ ಸತ್ಯವೇ. ಈಗ ಯಂತ್ರವು ನಮ್ಮ ಕೈಗೇ ಬಂದಿದೆ. ನಾವು ನಮ್ಮನ್ನು ಹೇಗೆ ತೋರಿಸಿಕೊಳ್ಳುವೆವು? ಹೊಸ ಅಂಗಿಯನ್ನೂ ಎರವಲು ಮೋಟಾರು ಬಂಡಿಯನ್ನೂ ಮಾತ್ರ ಆರಿಸಿದರೆ ಅದು ಮತ್ತೊಂದು ಅರ್ಧ.

ಬೆಂಟ್ಲಿಯು ಚೆಲುವನ್ನು ನೋಡಿ ಸುಮ್ಮನಿರಲಿಲ್ಲ. ಅವನ ಚಿತ್ರಗಳಿಂದ ಒಡವೆ ಮಾಡುವವರೂ ಬಟ್ಟೆಯ ಮೇಲೆ ಚಿತ್ತಾರ ಬರೆಯುವವರೂ ಹೊಸ ಮಾದರಿಗಳನ್ನು ತೆಗೆದುಕೊಂಡರು. ಮೋಡದೊಳಗಿನ ಸ್ಥಿತಿಯನ್ನು ವಿಚಾರಿಸುವ ಪಂಡಿತರಿಗೂ ಅವು ಪ್ರಯೋಜನವಾದವು. 1931ರಲ್ಲಿ 2400ಕ್ಕಿಂತ ಹೆಚ್ಚು ಚಿತ್ರಗಳುಳ್ಳ ಅವನ ಪುಸ್ತಕವು ಪ್ರಕಟವಾಯಿತು. ಅದೇ ವರುಷದ ಡಿಸೆಂಬರ್ ತಿಂಗಳಲ್ಲಿ ಹಿಮಗಾಳಿಯಲ್ಲಿ ನಡೆದು ಮನೆಗೆ ಬಂದು, ನ್ಯುಮೋನಿಯಾ ಜ್ವರದಿಂದ 23ರಂದು ತೀರಿಕೊಂಡನು.

ನಮ್ಮಲ್ಲಿಯೂ ಕೌದಿ ಹೊಲಿಯುವ ಅಮ್ಮಂದಿರೂ ಬುಟ್ಟಿ ಹೆಣೆಯುವವರೂ ಕ್ರಿಸ್‌ಮಸ್ ಹಬ್ಬಕ್ಕೆ ಬಿದಿರಿನ ಕಡ್ಡಿಯ ನಕ್ಷತ್ರ ಕಟ್ಟುವ ಹುಡುಗರೂ ಇದ್ದಾರೆ. ಅವರಲ್ಲಿ ಅನೇಕರು ಮಾದರಿಗಾಗಿ ಪೇಟೆಯ ಕಡೆಗೆ ನೋಡುತ್ತಾರೆ. ಸೀತಾಫಲದ ಸಿಪ್ಪೆಯ ಕಣ್ಣುಗಳೂ ಜೇನುಗೂಡಿನ ಆರು ಮೂಲೆಯ ಮನೆಗಳೂ ಒಣಗಿದ ಕೆರೆಯಂಗಳದ ಬಿರುಕುಗಳೂ ಅವರ ಮನೆಯ ಹತ್ತಿರವೇ ಇವೆ. ಫೋನು ಉಳ್ಳವನು ಅವುಗಳಲ್ಲಿ ಒಂದನ್ನು ಸಮೀಪದಿಂದ ತೆಗೆದು, ಹೊಲಿಯುವ ತಾಯಿಗೆ ತೋರಿಸಲಿ.

ಫೋನು ಇಲ್ಲದವರಿಗೆ ಬೆಂಟ್ಲಿಯದೇ ಒಂದು ಉಪಾಯವನ್ನು ತಿಳಿಸುತ್ತೇನೆ. ಮಳೆಯ ಹನಿಗಳು ಎಷ್ಟು ದೊಡ್ಡವೆಂದು ಅಳೆಯಬೇಕೆಂದು ಅವನಿಗೆ ಮನಸ್ಸಾಯಿತು. ಅಗಲವಾದ ಪಾತ್ರೆಯಲ್ಲಿ ಒಂದು ಅಂಗುಲದಷ್ಟು ನಯವಾದ ಗೋಧಿಹಿಟ್ಟನ್ನು ಹರಡಿ, ಮಳೆಯಲ್ಲಿ ಕೆಲವು ಕ್ಷಣ ಹಿಡಿದು ಒಳಕ್ಕೆ ತಂದನು. ಬಿದ್ದ ಒಂದೊಂದು ಹನಿಯೂ ಹಿಟ್ಟಿನಲ್ಲಿ ಒಂದೊಂದು ಉಂಡೆಯಾಯಿತು. ಒಣಗಿದ ಮೇಲೆ ಅವುಗಳನ್ನು ಆರಿಸಿ ಅಳೆದನು. ದೊಡ್ಡವು ಸುಮಾರು ಕಾಲು ಅಂಗುಲದವು. ಮುಂಗಾರಿನ ಮೊದಲ ಮಳೆಗೆ ಭಾನುವಾರ ಶಾಲೆಯ ಮಕ್ಕಳು ಇದನ್ನು ಮಾಡಿ ನೋಡಬಹುದು. ಒಂದು ಹಿಡಿ ಹಿಟ್ಟು ಸಾಕು, ಉಳಿದದ್ದನ್ನು ಕೋಳಿಗಳಿಗೆ ಹಾಕಬಹುದು.